ಸಿಡಿಲು ಯಾರದು, ಮದ್ದು ಯಾರದು

ಬೀದರ ಪೇಟೆಯಿಂದ ಕೋಟೆಯ ಕಡೆಗೆ ಹೋಗುವಾಗ ಸಿಗುವ ಮಹಮೂದ್ ಗವಾನನ ಮದರಸಾಕ್ಕೆ ಮುಂಭಾಗದಲ್ಲಿ ಎರಡು ಮಿನಾರುಗಳಿದ್ದವು. ಈಗ ಉಳಿದಿರುವುದು ಒಂದು. 1472ರ ಹೊತ್ತಿಗೆ ಕಟ್ಟಿ ಮುಗಿದ ಈ ವಿದ್ಯಾಲಯ ಇನ್ನೂರು ವರ್ಷಕ್ಕೂ ಮೇಲೆ ನೆಟ್ಟಗೆ ನಿಂತಿತ್ತು. ಔರಂಗಜೇಬನ ಸೈನ್ಯ ಬೀದರವನ್ನು ಗೆದ್ದ ಮೇಲೆ ಓದುವ ಹುಡುಗರಿದ್ದ ಕೋಣೆಗಳಲ್ಲಿ ಕುದುರೆ ಸವಾರರು ಬಿಡಾರ ಹೂಡಿದರು, ಮದ್ದುಗುಂಡು ತಂದು ತುಂಬಿದರು. 1696ರಲ್ಲಿ ಕಟ್ಟಡದ ಒಂದು ಮಗ್ಗುಲು ಸಿಡಿದುಹೋಯಿತು. ಸಿಡಿಲು ಬಡಿಯಿತು ಎನ್ನುವವರಿದ್ದಾರೆ, ಒಳಗಿದ್ದ ಮದ್ದು ಹೊತ್ತಿಕೊಂಡಿತು ಎನ್ನುವವರೂ ಇದ್ದಾರೆ. ಎರಡೂ ಒಟ್ಟಿಗೆ ನಿಜವಾಗಿದ್ದರೂ ಆಶ್ಚರ್ಯವಿಲ್ಲ. ಸಿಡಿಲು ಆಕಾಶದಿಂದ ಬಿದ್ದಿರಬಹುದು. ಪುಸ್ತಕ ಇರಬೇಕಾದ ಜಾಗದಲ್ಲಿ ಮದ್ದು ಇಟ್ಟದ್ದು ಮಾತ್ರ ಆಕಾಶವಲ್ಲ.

ಅಂದುಕೊಂಡಂತೆ ಬದುಕು ನಡೆಯದಾಗ ಅದನ್ನು ದೇವರ ಇಚ್ಛೆ ಎಂದು ಒಪ್ಪಿಕೊಳ್ಳಬೇಕೇ ಎಂಬ ಪ್ರಶ್ನೆ ನಮ್ಮ ಕಡೆ ಪುಸ್ತಕದ ಪ್ರಶ್ನೆಯಲ್ಲ. ಬೀದರದಿಂದ ಔರಾದಿಗೆ ಹೋಗುವ ದಾರಿಯ ಸಂತಪುರದಲ್ಲಿ, ಅದರ ಸುತ್ತಲಿನ ಹಳ್ಳಿಗಳಲ್ಲಿ ಪ್ರತಿ ಮನೆಗೂ ಒಂದು ಲೆಕ್ಕಾಚಾರ ಇರುತ್ತದೆ. ತೊಗರಿ ಬಂದ ಮೇಲೆ ಮಗಳ ಮದುವೆ, ಸೋಯಾ ಮಾರಿದರೆ ಬೋರು, ಮಗನಿಗೆ ಸೀಟು ಸಿಕ್ಕರೆ ಸಾಲ ಮಾಡಿಯಾದರೂ ಓದಿಸುವುದು. ಮಳೆ ಹೊತ್ತು ತಪ್ಪುತ್ತದೆ, ಬೋರಿನಲ್ಲಿ ಧೂಳು ಬರುತ್ತದೆ, ಮನೆಗೆ ಆಧಾರವಾಗಿದ್ದವನು ಬೈಕಿನಿಂದ ಬಿದ್ದು ಹಾಸಿಗೆ ಹಿಡಿಯುತ್ತಾನೆ. ಆಗ ಲಿಂಗಾಯತರ ಮನೆಯಲ್ಲಿ ‘ಬಸವಣ್ಣ ಮಾಡ್ದಂಗ ಆಗ್ತದ’ ಎನ್ನುತ್ತಾರೆ. ಮುಸಲ್ಮಾನರ ಮನೆಯಲ್ಲಿ ಅಲ್ಲಾಹನ ಮರ್ಜಿ, ಕ್ರೈಸ್ತರ ಮನೆಯಲ್ಲಿ ದೇವರ ಚಿತ್ತ. ಯಾರ ಮನೆಯೂ ಅಲ್ಲದ ಚಹಾದಂಗಡಿಯ ಕಟ್ಟೆಯ ಮೇಲೆ, ‘ನಸೀಬ್ದಾಗ ಇಷ್ಟೇ ಬರ್ದಿತ್ತು.’ ಇಷ್ಟು ಮತಗಳು ಇಷ್ಟು ಹತ್ತಿರ ಬಾಳುವ ನಾಡಿನಲ್ಲಿ ಸಂಕಟ ಬಂದಾಗ ಎಲ್ಲರ ಬಾಯಲ್ಲೂ ಬರುವುದು ಒಂದೇ ಅರ್ಥದ ಮಾತು.

ಈ ಮಾತನ್ನು ಬೇಸರದಿಂದ ತಳ್ಳಿಹಾಕುವ ವಿಚಾರವಾದ ನನಗೆ ಒಪ್ಪಿಗೆಯಿಲ್ಲ. ಜನರನ್ನು ಸುಮ್ಮನಿರಿಸಲು ಮೇಲಿನವರು ಕಂಡುಹಿಡಿದ ಉಪಾಯ ಅದು ಎಂಬ ವಿವರಣೆಯಲ್ಲಿ ಸ್ವಲ್ಪ ನಿಜವಿದೆ, ಪೂರ್ತಿ ಇಲ್ಲ. ಜ್ವರದಿಂದ ಮಗು ಕಳೆದುಕೊಂಡ ತಾಯಿಯ ಹತ್ತಿರ ಕೂತವರಿಗೆ ಇದು ಗೊತ್ತಿರುತ್ತದೆ. ಅವಳನ್ನು ತಿನ್ನುವುದು ದುಃಖ ಒಂದೇ ಅಲ್ಲ. ಸಂಜೆಯೇ ಕರೆದುಕೊಂಡು ಹೋಗಿದ್ದರೆ, ಆ ದಿನ ತವರಿಗೆ ಹೋಗದಿದ್ದರೆ, ಆ ನೀರು ಕುಡಿಸದಿದ್ದರೆ ಎಂದು ‘ರೆ’ಗಳು ಒಂದರ ಹಿಂದೊಂದು ಬರುತ್ತವೆ. ಅವುಗಳಿಗೆ ಕೊನೆಯಿಲ್ಲ. ವೈದ್ಯರು ಸಾವಿನ ಕಾರಣ ವಿವರಿಸಿದರೂ ಅವು ನಿಲ್ಲುವುದಿಲ್ಲ, ಇನ್ನಷ್ಟು ಹೆಚ್ಚಬಹುದು. ಒಂದು ದಿನ ಅವಳೇ ಇದು ದೇವರ ಇಚ್ಛೆಯಾಗಿತ್ತು ಎಂದಾಗ ಆ ಸರಪಳಿ ತುಂಡಾಗುತ್ತದೆ. ತನ್ನದಲ್ಲದ ತಪ್ಪನ್ನು ಅವಳು ತನ್ನ ಹೆಗಲಿನಿಂದ ಇಳಿಸುತ್ತಾಳೆ. ಬೆಳೆ ಹೋದ ರೈತನಿಗೂ ಹಾಗೆಯೇ. ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ ರೈತನನ್ನು ಕೊಲ್ಲುವುದು ಸಾಲಕ್ಕಿಂತ ನಾಚಿಕೆ. ತಾನು ಕೈಲಾಗದವನು ಎಂಬ ಭಾವನೆ. ಮಳೆ ನನ್ನ ಕೈಯಲ್ಲಿರಲಿಲ್ಲ ಎಂದು ಒಪ್ಪಿಕೊಳ್ಳುವ ಶಕ್ತಿ ಅವನಿಗೆ ಇನ್ನೊಂದು ಹಂಗಾಮಿನ ಆಯುಷ್ಯ ಕೊಡುತ್ತದೆ. ಇದನ್ನು ಮೌಢ್ಯ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಅದೇ ಮಾತು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ತಪ್ಪಿಲ್ಲದವರ ಹೆಗಲಿನಿಂದ ತಪ್ಪನ್ನು ಇಳಿಸುವ ಮಾತೇ ತಪ್ಪಿರುವವರ ಹೆಗಲಿನಿಂದಲೂ ಇಳಿಸಿಬಿಡುತ್ತದೆ. ಸೇತುವೆ ಕುಸಿದಾಗ, ಆಂಬುಲೆನ್ಸ್ ಬಾರದಾಗ, ಕಾಲುವೆಗೆ ನೀರು ಹರಿಯದಾಗ ಕೇಳಬೇಕಾದ ಪ್ರಶ್ನೆ ಗಂಟಲಲ್ಲೇ ನಿಂತು, ಆ ಜಾಗದಲ್ಲಿ ದೇವರ ಹೆಸರು ಬರುತ್ತದೆ. ಮಾತು ಒಂದೇ, ದೇವರೂ ಒಬ್ಬನೇ, ಕೆಲಸ ಮಾತ್ರ ಪೂರ್ತಿ ಉಲ್ಟಾ. ಹಾಗಾಗಿ ದೇವರ ಇಚ್ಛೆಯನ್ನು ಒಪ್ಪಬೇಕೋ ಬೇಡವೋ ಎಂದು ಒಟ್ಟಾರೆಯಾಗಿ ಕೇಳಿ ಪ್ರಯೋಜನವಿಲ್ಲ. ಯಾರು ಹೇಳುತ್ತಿದ್ದಾರೆ, ಯಾವಾಗ ಹೇಳುತ್ತಿದ್ದಾರೆ, ಯಾರ ಸಂಕಟದ ಬಗ್ಗೆ ಹೇಳುತ್ತಿದ್ದಾರೆ ಎಂದು ಕೇಳಬೇಕು.

ಭಾಲ್ಕಿ ದಾಟಿ ಗಡಿಯಾಚೆ ಹೋದರೆ ಲಾತೂರು ಜಿಲ್ಲೆ. ಅಲ್ಲಿನ ಕಿಲ್ಲಾರಿಯ ಭೂಕಂಪವನ್ನು ನಮ್ಮ ಜಿಲ್ಲೆಯ ಹಿರಿಯರು ಮರೆತಿಲ್ಲ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕು ಗಂಟೆ ಇನ್ನೂ ಆಗಿರಲಿಲ್ಲ. ಹಿಂದಿನ ರಾತ್ರಿ ಗಣಪತಿಯನ್ನು ಕಳಿಸಿ ಬಂದು ದಣಿದು ಮಲಗಿದ್ದ ಊರುಗಳು ನಿದ್ದೆಯಲ್ಲೇ ಮಣ್ಣಾದವು. ಸರಕಾರಿ ಲೆಕ್ಕದಲ್ಲೇ ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ದೇವರನ್ನು ನೀರಿಗೆ ಬಿಟ್ಟು ಬಂದ ರಾತ್ರಿಯೇ ಹೀಗಾಯಿತಲ್ಲ ಎಂದು ಜನ ದಂಗಾದರು. ಅದಕ್ಕೆ ದೈವಕೋಪ ಎಂದರು, ಪಾಪದ ಫಲ ಎಂದರು.

ಭೂಮಿ ನಡುಗಿದ್ದಕ್ಕೆ ಯಾರನ್ನೂ ಹೊಣೆ ಮಾಡಲಾಗದು. ಭೂವಿಜ್ಞಾನಿಗಳೇ ದಖ್ಖನಿನ ಈ ನೆಲ ಗಟ್ಟಿ, ಇಲ್ಲಿ ದೊಡ್ಡ ಕಂಪನ ಆಗಲಾರದು ಎಂದು ನಂಬಿದ್ದರು. ಆದರೆ 6.2ರ ಆಸುಪಾಸಿನ ಕಂಪನ ಇಷ್ಟು ಜೀವ ತೆಗೆಯಬೇಕಾಗಿರಲಿಲ್ಲ. ಕೊಂದದ್ದು ಗೋಡೆ ಮತ್ತು ಮಾಳಿಗೆ. ನಮ್ಮಲ್ಲೂ ಹಳೆಯ ಮನೆಗಳು ಹಾಗೆಯೇ ಇರುವುದು. ಕಾಡುಕಲ್ಲನ್ನು ಬರೀ ಕೆಸರಿನಲ್ಲಿ ಕೂರಿಸಿ ಎಬ್ಬಿಸಿದ ದಪ್ಪ ಗೋಡೆ, ಒಳಮೈ ಹೊರಮೈಗಳನ್ನು ಹಿಡಿದಿಡುವ ಅಡ್ಡಗಲ್ಲುಗಳಿಲ್ಲ. ಅದರ ಮೇಲೆ ಮರದ ತೊಲೆ, ತೊಲೆಯ ಮೇಲೆ ಬಿಸಿಲು ತಡೆಯಲೆಂದು ವರ್ಷ ವರ್ಷ ಹೇರುತ್ತ ಬಂದ ಮಣ್ಣು. ನೆಲ ಅಲುಗಿದ ಕ್ಷಣ ಗೋಡೆ ಎರಡಾಗಿ ಸೀಳಿತು, ಮಾಳಿಗೆಯ ಮಣ್ಣು ಮಲಗಿದವರ ಮೇಲೆ ಬಿತ್ತು. ಹಿಂದಿನ ವರ್ಷವೇ ಕಿಲ್ಲಾರಿಯಲ್ಲಿ ಸಣ್ಣ ಕಂಪನಗಳಾಗಿ ಜನ ಹೆದರಿದ್ದರು. ಆ ಹೆದರಿಕೆಯನ್ನು ಆಲಿಸಿ ಮನೆಗಳನ್ನು ಗಟ್ಟಿ ಮಾಡುವ ಕೆಲಸ ಆಗಲಿಲ್ಲ. ಆಮೇಲೆ ಕಟ್ಟಿದ ಮನೆಗಳಲ್ಲಿ ಗೋಡೆಗಳನ್ನು ಸುತ್ತಿ ಹಿಡಿಯುವ ಕಾಂಕ್ರೀಟ್ ಪಟ್ಟಿಗಳು ಬಂದವು. ಅವು ಮೊದಲೇ ಇರಬಹುದಿತ್ತು. ಕಂಪನವನ್ನು ಒಪ್ಪಿಕೊಂಡವರು ಗೋಡೆಯನ್ನೂ ಒಪ್ಪಿಕೊಂಡಿದ್ದರೆ ಆ ಪಟ್ಟಿಗಳು ಇಂದಿಗೂ ಬರುತ್ತಿರಲಿಲ್ಲ.

ಇದೇ ವಾದ ಯುರೋಪಿನಲ್ಲೂ ನಡೆಯಿತು. 1755ರ ನವೆಂಬರ್ 1ರಂದು, ಸಂತರೆಲ್ಲರ ಹಬ್ಬದ ದಿನ, ಲಿಸ್ಬನ್ ಕುಸಿಯಿತು. ಜನ ಚರ್ಚುಗಳಲ್ಲಿದ್ದರು. ಮೆಥಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿ ಇದು ದೇವರ ಎಚ್ಚರಿಕೆ ಎಂದು ಪುಸ್ತಿಕೆ ಬರೆದ. ವಾಲ್ಟೇರ್ ಕೋಪಗೊಂಡು, ಎಲ್ಲವೂ ಒಳ್ಳೆಯದಕ್ಕೇ ಎನ್ನುವ ತತ್ವವನ್ನು ಹರಿದು ಹಾಕಿದ. ರೂಸೋ ಮಾತ್ರ 1756ರಲ್ಲಿ ವಾಲ್ಟೇರನಿಗೆ ಬರೆದ ಪತ್ರದಲ್ಲಿ ಬೇರೆಯದನ್ನೇ ಎತ್ತಿದ. ಆರೇಳು ಅಂತಸ್ತಿನ ಮನೆಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಿದ್ದು ಪ್ರಕೃತಿಯೇನಲ್ಲವಲ್ಲ ಎಂದ. ಆ ಮೂವರಲ್ಲಿ ದೇವರನ್ನು ಬಿಡದೆಯೂ ಮನುಷ್ಯನ ಪಾಲನ್ನು ಮರೆಯದವನು ಅವನೇ. 1934ರಲ್ಲಿ ಬಿಹಾರದ ಭೂಕಂಪವಾದಾಗ ಗಾಂಧೀಜಿ ಅದನ್ನು ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆ ಎಂದರು. ಅಸ್ಪೃಶ್ಯತೆಯ ವಿರುದ್ಧ ಹೋರಾಡುವವರ ಬಾಯಲ್ಲಿ ಬಂದ ಮಾತಾದರೂ ರವೀಂದ್ರನಾಥ ಠಾಕೂರರು ಅದನ್ನು ಒಪ್ಪದೆ ಬಹಿರಂಗವಾಗಿ ಬರೆದರು. ನಾನು ಠಾಕೂರರ ಕಡೆ. ಎಷ್ಟೇ ಒಳ್ಳೆಯ ಉದ್ದೇಶಕ್ಕಾಗಿಯಾದರೂ ಸತ್ತವರ ಹೆಣದ ಮೇಲೆ ದೇವರ ಮನಸ್ಸನ್ನು ಓದಿ ಹೇಳುವ ಅಧಿಕಾರ ಯಾರಿಗೂ ಇಲ್ಲ.

ಭೂಕಂಪ ಅಪರೂಪ. ತೊಗರಿ ಒಣಗುವುದು ಅಪರೂಪವಲ್ಲ. 2022-23ರ ಹಂಗಾಮಿನಲ್ಲಿ ಕಲಬುರಗಿ, ಬೀದರ ಭಾಗದ ತೊಗರಿಗೆ ನೆಟೆ ರೋಗ ಬಂದಾಗ ಹೂ ಕಟ್ಟಿ ಕಾಯಿ ಹಿಡಿಯುತ್ತಿದ್ದ ಗಿಡಗಳು ನಿಂತಲ್ಲೇ ಒಣಗಿದವು. ಜೂನಿನಿಂದ ಮಾಡಿದ ಖರ್ಚೆಲ್ಲ ಮುಗಿದ ಮೇಲೆ ಬರುವ ರೋಗ ಅದು. ಅದಕ್ಕೇ ಅಷ್ಟು ನೋವು. ಹಿಂದಿನ ದಿನದವರೆಗೂ ಹಸಿರಾಗಿದ್ದ ಸಾಲು ಬೆಳಗಾಗುವಷ್ಟರಲ್ಲಿ ಬಾಡಿದ್ದನ್ನು ನೋಡಿದವನಿಗೆ ಇದು ಮೇಲಿನಿಂದಲೇ ಬಂದದ್ದು ಅನಿಸದೆ ಇರದು. ಆದರೆ ಇದು ಬರುವುದು ಕೆಳಗಿನಿಂದ. ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಲ್ಲಿ, ಹಳೆಯ ತೊಗರಿಯ ಬೇರಿನ ಚೂರುಗಳಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಬೇರಿನಿಂದ ಒಳಹೊಕ್ಕು ನೀರೇರುವ ನಾಳಗಳನ್ನು ಕಟ್ಟುತ್ತದೆ. ಕಾಂಡ ಸೀಳಿ ನೋಡಿದರೆ ಕಂದು ಗೆರೆ ಕಾಣುತ್ತದೆ. ಒಂದೇ ಹೊಲದಲ್ಲಿ ವರ್ಷ ವರ್ಷ ತೊಗರಿಯನ್ನೇ ಬಿತ್ತಿದರೆ ಅದಕ್ಕೆ ಹಬ್ಬ. ಜೋಳದ ಜೊತೆ ಹಾಕಿದರೆ, ಬೆಳೆ ಬದಲಿಸಿದರೆ, ಬೀಜಕ್ಕೆ ಟ್ರೈಕೋಡರ್ಮಾ ಲೇಪಿಸಿದರೆ, ಟಿಎಸ್-3ಆರ್‌ನಂಥ ನೆಟೆ ತಡೆಯುವ ತಳಿ ಹಾಕಿದರೆ ಅದರ ಬಲ ಕುಗ್ಗುತ್ತದೆ.

ಹಾಗಾದರೆ ತಪ್ಪು ರೈತನದೇ? ಇಲ್ಲಿ ಬಹಳ ಹುಷಾರಾಗಿರಬೇಕು. ದೇವರ ಮೇಲಿಂದ ಇಳಿಸಿದ ಭಾರವನ್ನು ಬಡವನ ಮೇಲೆ ಹೇರುವುದು ವಿಚಾರವಂತರು ಪದೇಪದೇ ಮಾಡುವ ಅನ್ಯಾಯ. ತೊಗರಿಯನ್ನೇ ಬಿತ್ತುವುದು ಅದೊಂದಕ್ಕೇ ಕೈಗೆ ಕಾಸು ಬರುವ ಬೆಲೆ ಇರುವುದರಿಂದ. ಒಳ್ಳೆಯ ತಳಿಯ ಬೀಜ ಹೊತ್ತಿಗೆ ಸರಿಯಾಗಿ ರೈತ ಸಂಪರ್ಕ ಕೇಂದ್ರಕ್ಕೆ ಬಂದಿರಬೇಕು. ಬೆಳೆ ಬದಲಿಸು ಎಂದು ಹೇಳುವವರು ಬದಲಿಸಿದ ಬೆಳೆಯನ್ನು ಕೊಳ್ಳುವವರನ್ನೂ ತೋರಿಸಬೇಕು. ಆ ವರ್ಷ ರೈತರು ಒಣಗಿದ ಗಿಡ ಹಿಡಿದು ಬೀದಿಗೆ ಬಂದರು, ಸರಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ಮೊತ್ತ ಸಣ್ಣದು. ಆದರೂ ಅದು ಬಂದದ್ದು ಜನ ಸುಮ್ಮನೆ ಕೂರದೆ ಇದ್ದದ್ದರಿಂದ. 2016ರಲ್ಲಿ ಶುರುವಾದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿಗೆ ರೈತನ ಪಾಲಿನ ಕಂತು ನೂರಕ್ಕೆ ಎರಡು. ಹೊಲದಲ್ಲಿ ನೀರು ನಿಂತರೆ, ಆಲಿಕಲ್ಲು ಬಿದ್ದರೆ 72 ಗಂಟೆಯೊಳಗೆ ತಿಳಿಸಬೇಕು. ಮಾಂಜ್ರಾ ಉಕ್ಕಿ ಹೊಲಕ್ಕೆ ನುಗ್ಗಿದಾಗ ಹಣೆಬರಹ ಎಂದು ಹೊದ್ದು ಮಲಗಿದವನಿಗೆ ಆ ಮೂರು ದಿನ ಕಳೆದುಹೋಗಿರುತ್ತವೆ. ಅವನು ಅತ್ತು ಮುಗಿಸಿ ದೇವರ ಇಚ್ಛೆಯನ್ನು ಒಪ್ಪಿಕೊಳ್ಳುವುದು ನಾಲ್ಕನೆಯ ದಿನ ಆಗಲಿ. ಮೊದಲ ಮೂರು ದಿನ ಅವನಿಗೆ ಕೆಲಸವಿದೆ, ಅವನ ಹಳ್ಳಿಯ ಓದುಬಲ್ಲವರಿಗೆ ಅವನಿಗಿಂತ ಹೆಚ್ಚು ಕೆಲಸವಿದೆ.

ಪ್ರಾರ್ಥನೆ ಮತ್ತು ಪ್ರಯತ್ನಗಳಲ್ಲಿ ಯಾವುದು ಮೊದಲು ಎಂಬುದಕ್ಕೆ ಬೀದರದ ಚರಿತ್ರೆಯಲ್ಲೇ ಉತ್ತರವಿದೆ. ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಅಹ್ಮದ್ ಶಾ ಬಹಮನಿ 1422ರಲ್ಲಿ ಪಟ್ಟಕ್ಕೆ ಬಂದ ಆರಂಭದಲ್ಲೇ ಭೀಕರ ಬರ ಬಿತ್ತು. ಫೆರಿಷ್ತಾ ಬರೆದಂತೆ ದೊರೆ ಮೊದಲು ಸರಕಾರಿ ಕಣಜಗಳನ್ನು ಬಡವರಿಗೆ ತೆರೆದ. ಮರುವರ್ಷವೂ ಮಳೆ ಬಾರದೆ, ಈ ಅರಸನ ಮೇಲೆ ದೇವರಿಗೆ ಸಿಟ್ಟು ಎಂದು ಜನ ಗೊಣಗತೊಡಗಿದಾಗ ಅವನು ಹೋಗಿ ನೆಲಕ್ಕೆ ಹಣೆ ಹಚ್ಚಿ ಬೇಡಿಕೊಂಡ, ಮಳೆ ಬಂತು, ಜನ ಅವನನ್ನು ‘ವಲಿ’, ಅಂದರೆ ಸಂತ, ಎಂದು ಕರೆದರು. ಮಳೆಯ ಕಥೆಯನ್ನೇ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ನನಗೆ ಕಣಜದ ಕಥೆಯೇ ಹೆಚ್ಚು ಮುಖ್ಯ. ಬೇಡುವ ಮೊದಲು ಅವನು ತನ್ನ ಕೈಯಲ್ಲಿದ್ದುದನ್ನು ಕೊಟ್ಟಿದ್ದ. ಇಂದು ಅಷ್ಟೂರಿನ ಅವನ ಗೋರಿಯ ಉರುಸಿಗೆ ಹಿಂದೂಗಳೂ ಮುಸಲ್ಮಾನರೂ ಕೂಡಿ ಬರುತ್ತಾರೆ, ಜಂಗಮರೊಬ್ಬರು ಮುಂದೆ ನಿಂತು ಪೂಜೆ ಸಲ್ಲಿಸುತ್ತಾರೆ. ಅದೇ ಬಹಮನಿಗಳ ಕಾಲದಲ್ಲಿ ನೌಬಾದಿನ ಹತ್ತಿರ ಜಂಬಿಟ್ಟಿಗೆ ಕಲ್ಲನ್ನು ಕೊರೆದು ನೆಲದೊಳಗೆ ಕಾರೇಜ್ ಸುರಂಗ ತೆಗೆದು ನೀರು ಹರಿಸಿದರು. ಪ್ರಸ್ಥಭೂಮಿಯ ತುದಿಯಲ್ಲಿ ಕೂತ ಊರಿಗೆ ನೀರಿಲ್ಲದಿರುವುದನ್ನು ಅವರು ಒಪ್ಪಿಕೊಂಡಿದ್ದರೆ ಬೀದರ ಎಂಬ ರಾಜಧಾನಿಯೇ ಇರುತ್ತಿರಲಿಲ್ಲ. ಬೀದರದ ಗುರುದ್ವಾರ ನಾನಕ್ ಝೀರಾದ ಐತಿಹ್ಯವೂ ನೀರಿನದೇ. ಸಿಹಿನೀರಿಗಾಗಿ ಕಂಗೆಟ್ಟ ಜನ ಗುರು ನಾನಕರ ಬಳಿ ಬಂದಾಗ ಅವರು ಇದು ದೇವರ ಹುಕುಂ, ಸಹಿಸಿಕೊಳ್ಳಿ ಎನ್ನಲಿಲ್ಲ, ಗುಡ್ಡದ ಕಲ್ಲನ್ನು ಸರಿಸಿದರು ಎನ್ನುತ್ತದೆ ಕಥೆ. ದೇವರ ಆಜ್ಞೆಗೆ ತಲೆಬಾಗುವುದನ್ನೇ ಧರ್ಮದ ತಳಪಾಯ ಮಾಡಿದ ಗುರುವಿನ ಬಗ್ಗೆ ನಮ್ಮ ನೆಲ ನೆನಪಿಟ್ಟುಕೊಂಡ ಕಥೆ ಇದು ಎಂಬುದನ್ನು ಗಮನಿಸಬೇಕು.

ಶರಣರ ಚಿಂತನೆಯಲ್ಲಿ ಈ ಕ್ರಮ ಇನ್ನೂ ಸ್ಪಷ್ಟ. ಷಟ್‌ಸ್ಥಲಗಳ ಸಾಲಿನಲ್ಲಿ ಭಕ್ತ ಮೊದಲು, ಮಹೇಶ ಎರಡನೆಯದು, ಪ್ರಸಾದಿ ಮೂರನೆಯದು. ಬಂದ ಸುಖವನ್ನೂ ದುಃಖವನ್ನೂ ಪ್ರಸಾದವೆಂದು ಸ್ವೀಕರಿಸುವ ಮನಸ್ಸು ಪ್ರಸಾದಿಯದು. ಆದರೆ ಅದಕ್ಕೂ ಮೊದಲು ಮಹೇಶ ಇದ್ದಾನೆ, ಹಿಡಿದ ವ್ರತ ಬಿಡದ, ಅಂಜದ, ನಿಷ್ಠೆಯ ಛಲಗಾರ. ಈ ಸ್ಥಲವನ್ನು ಹಾದು ಬಾರದವನಿಗೆ ಪ್ರಸಾದಿಯಾಗುವ ಹಕ್ಕಿಲ್ಲ ಎಂದೇ ನಾನು ಈ ಕ್ರಮವನ್ನು ಓದುತ್ತೇನೆ. ನಾವು ಇಂದು ಮಹೇಶನನ್ನು ಬಿಟ್ಟು ಭಕ್ತನಿಂದ ನೇರವಾಗಿ ಪ್ರಸಾದಿಗೆ ಹಾರುತ್ತೇವೆ. ಹೋರಾಡದೆ ಒಪ್ಪಿಕೊಳ್ಳುತ್ತೇವೆ, ಆಮೇಲೆ ಅದನ್ನು ಭಕ್ತಿ ಎಂದು ಕರೆಯುತ್ತೇವೆ.

ಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ನಡೆದದ್ದು ಹೀಗಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಹುಟ್ಟಿದ ಜಾತಿಯೇ ಹಣೆಬರಹ ಎಂದು ಶತಮಾನಗಳಿಂದ ಹೇಳುತ್ತ ಬಂದ ಸಮಾಜಕ್ಕೆ ಅದಕ್ಕಿಂತ ನೇರವಾದ ಉತ್ತರ ಇರಲಾರದು. ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿ ಕೊಂದರು, ದೊರೆ ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿದರು, ಬಸವಣ್ಣನವರು ಕೂಡಲಸಂಗಮಕ್ಕೆ ಹೋದರು, ಚೆನ್ನಬಸವಣ್ಣನವರು ವಚನಗಳ ಕಟ್ಟು ಹೊತ್ತು ಉಳವಿಯ ಕಾಡಿನ ಕಡೆ ನಡೆದರು ಎನ್ನುತ್ತದೆ ಪರಂಪರೆ. ಇವರ ಬದುಕು ಅಂದುಕೊಂಡಂತೆ ನಡೆಯಲಿಲ್ಲ. ಅವರು ಒಪ್ಪಿಕೊಂಡದ್ದು ಏನನ್ನು? ತಮ್ಮ ಸೋಲನ್ನು, ತಮ್ಮ ಸಾವನ್ನು. ಜಾತಿಯನ್ನು ಒಪ್ಪಿಕೊಳ್ಳಲಿಲ್ಲ. ಕಟ್ಟು ಹೊತ್ತು ನಡೆದದ್ದು ಮುಂದೆ ಯಾರೋ ಬಿಚ್ಚಿ ಓದಲಿ ಎಂದೇ. ಅದೇ ನೆಲದಲ್ಲಿ ಎಂಟು ಶತಮಾನದ ನಂತರ, ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸಲು ಅನುಕೂಲವಿಲ್ಲದಾಗ, ಭಾಲ್ಕಿಯ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಬಸವಕಲ್ಯಾಣದಲ್ಲಿ ಅನುಭವ ಮಂಟಪ ಎದ್ದದ್ದೂ ಅವರ ಹಟದಿಂದ. ಹೆತ್ತವರು ಬಿಟ್ಟುಹೋದ ಹಸುಗೂಸುಗಳನ್ನು ಅವರ ನಂತರವೂ ಆ ಮಠ ಎತ್ತಿಕೊಂಡು ಸಾಕುತ್ತ ಬಂದಿದೆ. ಬೇಲಿಯ ಮಗ್ಗುಲಲ್ಲಿ ಅಳುವ ಮಗುವಿನ ಹಣೆಯಲ್ಲಿ ಏನು ಬರೆದಿದೆ ಎಂದು ಅಲ್ಲಿ ಯಾರೂ ಓದಲು ಕೂರಲಿಲ್ಲ.

ಗವಾನನ ವಿಷಯಕ್ಕೆ ಬರುತ್ತೇನೆ. ಈ ಪ್ರಶ್ನೆಯನ್ನು ಅವನಷ್ಟು ಪೂರ್ತಿಯಾಗಿ ಬದುಕಿದವರು ಕಡಿಮೆ. ಇರಾನಿನ ಗೀಲಾನಿನವನು, ನಡುವಯಸ್ಸಿನ ವ್ಯಾಪಾರಿ, 1453ರ ಸುಮಾರಿಗೆ ದಾಭೋಳ್ ಬಂದರಿನಲ್ಲಿ ಇಳಿದ. ಬೀದರದ ಸಂತರೊಬ್ಬರನ್ನು ಕಂಡು ದಿಲ್ಲಿಗೆ ಹೋಗುವುದು ಅವನ ಯೋಜನೆ. ದಿಲ್ಲಿಗೆ ಅವನು ಹೋಗಲೇ ಇಲ್ಲ. ಸುಲ್ತಾನ ಇಲ್ಲೇ ನಿಲ್ಲಿಸಿಕೊಂಡ, ಮುಂದೆ ಗವಾನ ಬಹಮನಿ ರಾಜ್ಯದ ಪ್ರಧಾನಿಯಾದ, ಆಡಳಿತ ತಿದ್ದಿದ, ಮದರಸಾ ಕಟ್ಟಿದ, ದೂರದೂರದ ವಿದ್ವಾಂಸರನ್ನು ಕರೆಸಿದ. ತಪ್ಪಿದ ಯೋಜನೆಯೊಂದು ಇಂಥ ಬಾಳಾಗಬಹುದು ಎಂಬುದಕ್ಕೆ ದೇವರ ಇಚ್ಛೆ ಎನ್ನುವವರೊಡನೆ ನನಗೆ ಜಗಳವಿಲ್ಲ. ಆದರೆ ಕೊನೆ ಹೇಗಾಯಿತು ನೋಡಿ. ದರಬಾರಿನ ವಿರೋಧಿಗಳು ಅವನ ಮುದ್ರೆ ಒತ್ತಿಸಿಕೊಂಡ ಖಾಲಿ ಕಾಗದದ ಮೇಲೆ ಶತ್ರುವಿಗೆ ಬರೆದಂತೆ ಕಾಗದ ಹುಟ್ಟಿಸಿದರು. ಸುಲ್ತಾನನಿಂದ ಕರೆ ಬಂತು. ಹೋಗಬೇಡ, ಗುಜರಾತಿಗೆ ಓಡಿಹೋಗು ಎಂದು ಗೆಳೆಯರು ಬೇಡಿಕೊಂಡರು. ಎಪ್ಪತ್ತು ದಾಟಿದ ಮುದುಕ ಹೋದ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಪಾಳೆಯದಲ್ಲಿ ಮೂರನೆಯ ಮಹಮ್ಮದ್ ಶಾ ಅವನ ತಲೆ ತೆಗೆಸಿದ.

ಇತಿಹಾಸಕಾರರು ದಾಖಲಿಸಿದ ಅವನ ಕೊನೆಯ ಮಾತುಗಳ ತಿರುಳು ಎರಡು. ನನ್ನಂಥ ಮುದುಕ ಸಾಯುವುದು ನನಗೆ ದೊಡ್ಡದಲ್ಲ ಎಂಬುದು ಒಂದು, ಇದರಿಂದ ನಿನ್ನ ರಾಜ್ಯ ಹಾಳಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಒಪ್ಪಿಗೆ, ಎರಡನೆಯದು ಆಪಾದನೆ. ಎರಡೂ ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ ಬಂದವು. ಸಾವನ್ನು ಒಪ್ಪಿಕೊಂಡ ಮಾತ್ರಕ್ಕೆ ಅದು ನ್ಯಾಯ ಎಂದು ಅವನು ಒಪ್ಪಲಿಲ್ಲ. ಸುಲ್ತಾನ ಆಮೇಲೆ ನಿಜ ತಿಳಿದು ಮರುಗಿದ, ವರ್ಷದೊಳಗೇ ಸತ್ತ, ರಾಜ್ಯ ಮುಂದೆ ಐದು ಹೋಳಾಯಿತು. ಶರಣಾಗತಿ ಎಂದರೆ ಬಾಯಿ ಮುಚ್ಚಿಕೊಳ್ಳುವುದು ಎಂದು ಯಾರಾದರೂ ಹೇಳಿದಾಗ ನನಗೆ ಈ ಮುದುಕನ ನೆನಪಾಗುತ್ತದೆ.

ಇಂದಿನ ಬೀದರಕ್ಕೆ ದೇಶದ ಮೂಲೆಮೂಲೆಯಿಂದ ಮಕ್ಕಳು ನೀಟ್ ಪರೀಕ್ಷೆಗೆ ಓದಲು ಬರುತ್ತಾರೆ. ಸಂತಪುರ, ಔರಾದಿನ ಹಳ್ಳಿಗಳ ಮಕ್ಕಳೂ ಅದರಲ್ಲಿದ್ದಾರೆ. ಎರಡು ಸಲ, ಮೂರು ಸಲ ಬರೆದು ಕೆಲವೇ ಅಂಕಗಳಿಂದ ಸೀಟು ತಪ್ಪಿದ ಹುಡುಗಿಗೆ ಮನೆಯವರು ದೇವರ ಇಚ್ಛೆ ಎಂದರೆ ಅದರಲ್ಲಿ ಪ್ರೀತಿಯಿದೆ. ನೀನು ಆ ಅಂಕವಲ್ಲ, ನಿನ್ನ ಬಾಳು ಅಲ್ಲಿಗೆ ಮುಗಿಯಲಿಲ್ಲ ಎಂಬ ಅರ್ಥದಲ್ಲಿ ಅದನ್ನು ಹೇಳಬೇಕು, ಜೋರಾಗಿ ಹೇಳಬೇಕು. ಆದರೆ ಅವಳು ಕಲಿತ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಕಾಯಂ ಅಧ್ಯಾಪಕರು ಇಲ್ಲದೆ ಹೋಗಿದ್ದರೆ ಅದಕ್ಕೂ ದೇವರ ಇಚ್ಛೆ ಎನ್ನಲಾಗದು. 2002ರ ನಂಜುಂಡಪ್ಪ ಸಮಿತಿ ವರದಿ ಔರಾದ ತಾಲ್ಲೂಕನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿಟ್ಟಿತು. ಆ ಹಿಂದುಳಿಯುವಿಕೆಯನ್ನು ಹಣೆಬರಹ ಎಂದು ಒಪ್ಪದ ಜನ ದಶಕಗಳ ಕಾಲ ಹೋರಾಡಿದ್ದಕ್ಕೇ ಸಂವಿಧಾನಕ್ಕೆ 371(ಜೆ) ಕಲಂ ಸೇರಿತು, ನಮ್ಮ ಮಕ್ಕಳಿಗೆ ಮೀಸಲು ಸೀಟುಗಳು ಬಂದವು. ಕಾರಂಜಾ ಜಲಾಶಯಕ್ಕೆ ಹೊಲಮನೆ ಬಿಟ್ಟುಕೊಟ್ಟವರು ಸರಿಯಾದ ಪರಿಹಾರಕ್ಕಾಗಿ ಇಷ್ಟು ವರ್ಷ ಕೂತ ಧರಣಿಗಳಲ್ಲಿ ಅವರಿಗೆ ಸಮಾಧಾನ ಹೇಳಲು ಹೋದವರು ಕಡಿಮೆಯಲ್ಲ. ಅವರಿಗೆ ಬೇಕಾದದ್ದು ಸಮಾಧಾನವಲ್ಲ, ಹೊಲದ ಬೆಲೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಹೆರಿಗೆಯಾದ ತಾಯಂದಿರು ಒಬ್ಬರ ಹಿಂದೊಬ್ಬರು ಸತ್ತಾಗ ಪ್ರಶ್ನೆ ಎದ್ದದ್ದರಿಂದಲೇ ಅವರಿಗೆ ಏರಿಸಿದ ದ್ರವದ ಮೇಲೆ ಅನುಮಾನ ಬಂದು ಅದರ ಬಳಕೆ ನಿಂತಿತು. ಎಲ್ಲರೂ ಆಯುಷ್ಯ ಅಷ್ಟೇ ಇತ್ತು ಎಂದು ಮನೆಗೆ ಹೋಗಿದ್ದರೆ ಅದೇ ಬಾಟಲಿ ಇನ್ನೊಂದು ಊರಿನ ಬಾಣಂತಿಯ ಮಂಚದ ಪಕ್ಕ ತೂಗುತ್ತಿತ್ತು.

ನಿಜವಾದ ಭಕ್ತರೊಬ್ಬರು ಇಲ್ಲಿ ನನ್ನನ್ನು ತಡೆದು ಕೇಳಬಹುದು: ಅವನ ಅಪ್ಪಣೆಯಿಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡದು ಎಂದ ಮೇಲೆ ನೀನು ಸಿಡಿಲು ದೇವರದು, ಮದ್ದು ಮನುಷ್ಯನದು ಎಂದು ಪಾಲು ಹಂಚುವುದು ಹೇಗೆ? ಎಲ್ಲವೂ ಅವನದಾದರೆ ಎಲ್ಲವನ್ನೂ ಒಪ್ಪಲೇಬೇಕಲ್ಲ? ಗಟ್ಟಿಯಾದ ಪ್ರಶ್ನೆ ಇದು, ಹಗುರವಾಗಿ ತಳ್ಳುವಂಥದ್ದಲ್ಲ. ನನ್ನ ಉತ್ತರ ಇಷ್ಟು. ಎಲ್ಲವೂ ಅವನ ಇಚ್ಛೆಯಾದರೆ ಅನ್ಯಾಯ ಕಂಡು ನನ್ನ ಎದೆಯಲ್ಲಿ ಏಳುವ ಸಿಟ್ಟೂ ಅವನ ಇಚ್ಛೆಯೇ, ಕಾರಣ ಹುಡುಕುವ ನನ್ನ ಬುದ್ಧಿಯೂ ಅವನು ಕೊಟ್ಟದ್ದೇ. ರೋಗ ಅವನದು, ಔಷಧ ಮಾತ್ರ ಅವನದಲ್ಲ ಎನ್ನುವ ಭಕ್ತಿ ದೇವರನ್ನು ಅರ್ಧ ಮಾಡುತ್ತದೆ. ಅಲ್ಲದೆ, ಎಲ್ಲವೂ ಅವನ ಇಚ್ಛೆ ಎಂದು ನಂಬುವವರು ಸಾಮಾನ್ಯವಾಗಿ ಇನ್ನೊಬ್ಬರ ನಷ್ಟದಲ್ಲೇ ಅದನ್ನು ಹೆಚ್ಚು ಕಾಣುತ್ತಾರೆ. ತಮ್ಮ ಹೊಲದ ಬದುವನ್ನು ನೆರೆಯವನು ಒತ್ತಿದ ದಿನ ಅವರು ನೇರವಾಗಿ ತಹಸೀ‌ಲ್ದಾರರ ಕಚೇರಿಗೆ ಹೋಗುತ್ತಾರೆ. ಹೋಗಬೇಕಾದದ್ದೇ. ಆ ಹಕ್ಕು ಎಲ್ಲರಿಗೂ ಇರಲಿ ಎಂಬುದಷ್ಟೇ ನನ್ನ ವಾದ.

ಒಪ್ಪಿಕೊಳ್ಳುವ ಮಾತು ಉತ್ತಮಪುರುಷದಲ್ಲಿ ಮಾತ್ರ ಸತ್ಯವಾಗುತ್ತದೆ. ಬೀದರದ ಭಾಯಿ ಸಾಹಿಬ್ ಸಿಂಗ್ 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ತಲೆ ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು. ಕ್ಷೌರಿಕರ ಕುಲದಿಂದ ಹೋಗಿ ಪಂಚ ಪ್ಯಾರೆಗಳಲ್ಲಿ ಒಬ್ಬರಾದವರು, ಚಮ್‌ಕೌರಿನ ಕಾಳಗದಲ್ಲಿ ಮಡಿದವರು. ಅವರು ಕೊಟ್ಟದ್ದು ತಮ್ಮ ತಲೆಯನ್ನು. ಪಕ್ಕದವನನ್ನು ಮುಂದೆ ತಳ್ಳಿ ಇವನದನ್ನು ಸ್ವೀಕರಿಸಿ ಎನ್ನಲಿಲ್ಲ. ಗೆತ್ಸೆಮನೆ ತೋಟದಲ್ಲಿ ಯೇಸು ತನ್ನ ತಂದೆಯ ಚಿತ್ತಕ್ಕೆ ತಲೆಬಾಗಿದ್ದು ಆ ಪಾತ್ರೆ ತನ್ನಿಂದ ತೊಲಗಲಿ ಎಂದು ಬೆವರು ಹರಿಸಿ ಬೇಡಿಕೊಂಡ ಮೇಲೆ. ಬೇಡಿಕೆ ಮೊದಲು, ಒಪ್ಪಿಗೆ ನಂತರ, ಎರಡೂ ಅವನದೇ. ಅದೇ ಯೇಸು ಕುಷ್ಠರೋಗಿಗೆ, ಕುರುಡನಿಗೆ ಇದು ನಿನ್ನ ಪಾಲಿನ ದೇವರ ಚಿತ್ತ, ಇಟ್ಟುಕೋ ಎಂದ ಒಂದೂ ಕಥೆಯಿಲ್ಲ, ಅವರನ್ನು ವಾಸಿ ಮಾಡಿದ.

ಇನ್ನು, ಒಪ್ಪಿಕೊಳ್ಳಲಾಗದವರ ವಿಷಯ. ಯಾರ ತಪ್ಪೂ ಇಲ್ಲದೆ, ಯಾವ ಧರಣಿಯಿಂದಲೂ ವಾಪಸು ಬಾರದಂತೆ ಕಳೆದುಕೊಂಡು, ಆದರೂ ದೇವರ ಇಚ್ಛೆ ಎನ್ನಲು ನಾಲಿಗೆ ಏಳದವರು ಪ್ರತಿ ಊರಲ್ಲಿದ್ದಾರೆ. ಪೂಜೆ ಬಿಟ್ಟವರು, ಮಸೀದಿಯ ಮೆಟ್ಟಿಲು ಹತ್ತದವರು, ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಬಾಯಿ ಬಿಗಿದು ಕೂತವರು. ಇವರ ಮೇಲೆ ನಾವು ಒತ್ತಡ ಹಾಕುತ್ತೇವೆ. ಇಷ್ಟು ದಿನ ಆಯಿತು, ಇನ್ನು ಸಾಕು, ಅವನ ಲೆಕ್ಕ ನಮಗೆ ತಿಳಿಯದು ಎನ್ನುತ್ತೇವೆ. ಬೈಬಲಿನ ಯೋಬನ ಕಥೆಯಲ್ಲಿ ಹೀಗೆ ಹೇಳಲು ಬಂದ ಗೆಳೆಯರಿದ್ದಾರೆ. ಮಕ್ಕಳು, ದನಕರು, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತ ಅವನ ಪಕ್ಕದಲ್ಲಿ ಅವರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ಕೂತರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಆಮೇಲೆ ಬಾಯಿ ತೆರೆದು ದೇವರ ಪರ ವಾದಿಸತೊಡಗಿದರು, ನಿನ್ನಲ್ಲೇ ಏನೋ ತಪ್ಪಿರಬೇಕು ಎಂದರು. ಯೋಬ ಒಪ್ಪಲಿಲ್ಲ, ಹುಟ್ಟಿದ ದಿನವನ್ನು ಶಪಿಸಿದ, ದೇವರನ್ನೇ ಮುಖಾಮುಖಿ ಲೆಕ್ಕ ಕೇಳಿದ. ಕೊನೆಯಲ್ಲಿ ದೇವರು ಮಾತಾಡಿದಾಗ ಬಿರುಗಾಳಿಯೊಳಗಿಂದ ಯೋಬನನ್ನೂ ಪ್ರಶ್ನಿಸಿದ, ನಿಜ. ಆದರೆ ಸಿಟ್ಟಾದದ್ದು ಗೆಳೆಯರ ಮೇಲೆ. ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಹೊರತು ಅವರಲ್ಲ ಎಂದ, ಅವರ ಪರವಾಗಿ ಯೋಬನೇ ಪ್ರಾರ್ಥಿಸಲಿ ಎಂದ.